ಕೂಸಿನ ಬಟ್ಟೆ ಜಾಲಿಸಿದ ಬೇಸಿಗೆ

ಒಗೆಯುವುದು ಬೇರೆ, ಜಾಲಿಸುವುದು ಬೇರೆ. ಹೀಗೆಂದರೆ ಈಗಿನವರು ನಗುತ್ತಾರೆ. ಮನೆಯಲ್ಲಿ ಮಷಿನ್ ಇದೆ, ಗುಂಡಿ ಒತ್ತಿದರೆ ಅದೇ ನೆನೆಸಿ, ಅದೇ ತಿರುಗಿಸಿ, ಅದೇ ಹಿಂಡಿ ಕೊಡುತ್ತದೆ. ಯಾವ ಮಷಿನ್ ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ, ಯಾವುದು ಸೋಪು ಉಳಿಯದ ಹಾಗೆ ಜಾಲಿಸುತ್ತದೆ ಎಂದು ಮೊಮ್ಮಕ್ಕಳು ಫೋನಿನಲ್ಲಿ ಓದಿ ಓದಿ ಜಗಳವಾಡುತ್ತಾರೆ. ಆಡಲಿ. ಅದೇ ಹೋಲಿಕೆಯನ್ನು ನನ್ನ ಅವ್ವ ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಎರಡು ಊರಿನ ನೀರನ್ನೂ ತನ್ನ ನಾಲಿಗೆಯನ್ನೂ ಇಟ್ಟುಕೊಂಡು ಮಾಡಿದಳು. ಅವಳಿಗೆ ಅದು ಜಗಳದ ಮಾತಾಗಿರಲಿಲ್ಲ. ತೊಟ್ಟಿಲಲ್ಲಿದ್ದ ನನ್ನ ತಮ್ಮ ಉಳಿಯುತ್ತಾನೋ ಇಲ್ಲವೋ ಎಂಬುದು ಅದರ ಮೇಲೆಯೇ ನಿಂತಿದೆ ಎಂದು ಅವಳು ನಂಬಿದ್ದಳು.

ನಾವು ಆಗ ದಾವಣಗೆರೆಯಲ್ಲಿ, ಹತ್ತಿ ಮಿಲ್ಲಿನ ಹಿಂದಿನ ಒಂದು ವಠಾರದಲ್ಲಿದ್ದೆವು. ಅಪ್ಪ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಬಿಳಿ ಪಂಚೆ, ಬಿಳಿ ಅಂಗಿ, ತೋಳಿನ ಮೇಲೆ ಇಸ್ತ್ರಿಯ ಗೆರೆ. ಆ ಗೆರೆ ಮುರಿದರೆ ಅವರ ಮುಖವೂ ಮುರಿಯುತ್ತಿತ್ತು. ನನ್ನ ಬೆನ್ನಿಗೆ ಬಹಳ ವರ್ಷ ಯಾರೂ ಹುಟ್ಟಿರಲಿಲ್ಲ. ನಾನು ಲಂಗ ಎತ್ತಿ ಕಟ್ಟಿಕೊಂಡು ಬಾವಿಯಿಂದ ನೀರು ಸೇದುವಷ್ಟು ದೊಡ್ಡವಳಾದ ಮೇಲೆ ಈ ಗಂಡು ಕೂಸು ಬಂತು. ನನಗೆ ಹೊಟ್ಟೆಕಿಚ್ಚಾಗಿತ್ತು, ಮುಚ್ಚಿಡುವುದು ಯಾಕೆ. ಆದರೆ ಅವನ ಅಳು ಶುರುವಾದ ಮೇಲೆ ಆ ಕಿಚ್ಚು ತಾನೇ ಆರಿಹೋಯಿತು.

ವಠಾರದ ಬಾವಿಯ ಬಗ್ಗೆ ಹೇಳಬೇಕು. ಕುಡಿಯುವುದಕ್ಕಲ್ಲ, ಬೈಯುವುದಕ್ಕೆಂದೇ ತೋಡಿಸಿದಂಥ ಬಾವಿ. ಅದರ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಸೋಪು ಉಜ್ಜಿದರೆ ನೊರೆ ಬರುವ ಬದಲು ಒಡೆದ ಹಾಲಿನ ಹಾಗೆ ಚೂರುಚೂರಾಗಿ ಬಟ್ಟೆಗೇ ಮೆತ್ತಿಕೊಳ್ಳುತ್ತಿತ್ತು. ಹಿಂಡಿ ಒಣಹಾಕಿದರೆ ಸಂಜೆಗೆ ಬಟ್ಟೆ ಹಪ್ಪಳವಾಗಿರುತ್ತಿತ್ತು. ಹಳೆಯ ಪಂಚೆ ಹರಿದು ಮಾಡಿದ ಕೂಸಿನ ಬಟ್ಟೆಗಳನ್ನು ಅವ್ವ ಅದೇ ನೀರಿನಲ್ಲಿ ಒಗೆಯುತ್ತಿದ್ದಳು. ಬಿಸಿಲು ಏರಿದ ಮೇಲೆ ತಮ್ಮನ ತೊಡೆಸಂದು ಕೆಂಪಾಯಿತು. ಮೊದಲು ಅಷ್ಟೇ ಇತ್ತು, ಎಲ್ಲ ಕೂಸುಗಳಿಗೂ ಆಗುವಂಥದ್ದು.

ಪಕ್ಕದ ಮನೆಯಾಕೆಯನ್ನು ನಾವು ಖಾಲಾ ಎನ್ನುತ್ತಿದ್ದೆವು. ಅವರ ಗಂಡನಿಗೆ ಪೇಟೆಯಲ್ಲಿ ಬಣ್ಣದ ನೂಲಿನ ಅಂಗಡಿ. ಆರು ಮಕ್ಕಳನ್ನು ಹೆತ್ತು ಸಾಕಿದವರು ಎಂದು ವಠಾರದಲ್ಲಿ ಅವರ ಮಾತಿಗೆ ಬೆಲೆ ಇತ್ತು. ಅವರು ಕೂಸನ್ನು ಎತ್ತಿ ನೋಡಿ, "ನಿಮ್ಮ ಕೈಲಿ ಸೋಪು ಹೋಗಲ್ಲ ಅಕ್ಕಾ, ಈ ನೀರು ಖರಾಬ್ ಐತೆ. ಮಡಿವಾಳರ ಭಟ್ಟಿಗೆ ಕೊಡ್ರಿ. ಹಬಿಯಾಗೆ ಬೇಯಿಸ್ತಾರೆ, ಬಿಲ್ಕುಲ್ ಸಾಫ್ ಆಗ್ತೈತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಅಪ್ಪನ ಬಿಳಿ ಬಟ್ಟೆ ಒಯ್ಯುತ್ತಿದ್ದ ಮಡಿವಾಳರ ಹೆಂಗಸು ಬಂದಾಗ ಅವ್ವ ಕೂಸಿನ ಬಟ್ಟೆಯನ್ನೂ ಮುಂದಿಟ್ಟಳು. ಇಟ್ಟವಳಿಗೆ ಕೂಡಲೇ ಭಯವಾಯಿತು. ಊರ ಮಂದಿಯ ಬಟ್ಟೆಯ ಜೊತೆ ಒಂದೇ ಭಟ್ಟಿಯಲ್ಲಿ ಬೆಂದು, ಯಾರ ಯಾರ ಕಜ್ಜಿ ತುರಿ ಅಂಟಿಕೊಳ್ಳುತ್ತದೋ ಎಂದು. ಆಕೆಯ ಎರಡೂ ಕೈ ಹಿಡಿದು ಅಂಗಲಾಚಿದಳು.

"ನಿನ್ನ ಕಾಲಿಗೆ ಬೀಳ್ತೀನಿ ತಾಯಿ, ಇವನ್ನ ಯಾರ ಬಟ್ಟಿ ಜೊತಿಗೂ ಕೂಡಿಸಬ್ಯಾಡ."

"ಅಯ್ಯ, ಹಂಗ್ಯಾಕ ಅಂತೀರಿ ಅವ್ವಾರ? ನಂಗೂ ಮಕ್ಳದಾವು. ಬ್ಯಾರೆ ಗಂಟು ಕಟ್ತೀನಿ. ಒಂದೊಂದಕ್ಕೂ ಗುರ್ತು ಹಾಕ್ತೀನಿ, ತಪ್ಪಾಂಗೇ ಇಲ್ಲ" ಎಂದು ಆಕೆ ಗಂಟು ಹೊತ್ತು ಹೋದಳು.

ಮಡಿವಾಳರಿಗೆ ಮನೆಗೊಂದು ಗುರುತು ಇರುತ್ತಿತ್ತು. ನಮ್ಮದು ಎರಡು ಚುಕ್ಕಿ, ಕೆಳಗೆ ಒಂದು ಗೆರೆ. ಅಪ್ಪನ ಅಂಗಿಗೆ ಕಾಲರಿನ ಒಳಮೈಯಲ್ಲಿ, ಪಂಚೆಗೆ ಅಂಚಿನ ಮೂಲೆಯಲ್ಲಿ ಆ ಕಪ್ಪು ಗುರುತು ಸಣ್ಣಗೆ ಇರುತ್ತಿತ್ತು. ಕೂಸಿನ ಬಟ್ಟೆ ಮರಳಿ ಬಂದಾಗ ಅದರಲ್ಲಿ ಪ್ರತಿಯೊಂದಕ್ಕೂ ಎರಡು ಮೂಲೆಗೆ ಗುರುತಿತ್ತು, ಅಪ್ಪನ ಅಂಗಿಗಿಂತ ದಪ್ಪವಾಗಿತ್ತು. ಬಟ್ಟೆಗಳು ಮಾತ್ರ ಮಲ್ಲಿಗೆಯ ಹಾಗಿದ್ದವು. ಅವ್ವ ಒಂದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ಇನ್ನು ಚಿಂತೆ ಇಲ್ಲ ಎಂದಳು.

ಚಿಂತೆ ಶುರುವಾದದ್ದೇ ಆಮೇಲೆ. ತೊಡೆಯ ಕೆಂಪು ಹಾಗೇ ಇತ್ತು. ಅದರ ಮೇಲೆ ಈಗ ಸೊಂಟದ ಎರಡೂ ಬದಿ, ಹೊಟ್ಟೆಯ ಮೇಲೆ ನೀರು ತುಂಬಿದ ಗುಳ್ಳೆ ಎದ್ದವು. ಒಡೆದವು. ಒಡೆದ ಕಡೆ ರಸ ಸುರಿದು ಪಕ್ಕದಲ್ಲಿ ಮತ್ತೆ ಎದ್ದವು. ಬಟ್ಟೆ ಬಿಚ್ಚುವಾಗ ಚರ್ಮವೂ ಜೊತೆಗೆ ಬರುತ್ತಿತ್ತು. ಅವನು ಅಳುತ್ತಿದ್ದ ರೀತಿಯನ್ನು ನಾನು ಬರೆಯಲಾರೆ. ಹಸಿವಿನ ಅಳು, ನಿದ್ದೆಯ ಅಳು ನನಗೆ ಗೊತ್ತಿದ್ದವು. ಇದು ಅವೆರಡೂ ಅಲ್ಲ. ಮಿಲ್ಲಿನ ಸೈರನ್ ಕೂಗಿದಾಗ ಮಾತ್ರ ಅದು ಕೇಳಿಸುತ್ತಿರಲಿಲ್ಲ. ಆ ಕೂಗು ಇನ್ನಷ್ಟು ಹೊತ್ತು ಇರಲಿ ಎಂದು ನಾನು ದೇವರಲ್ಲಿ ಕೇಳಿಕೊಂಡದ್ದುಂಟು.

ಡಾಕ್ಟರು ಕೂಸನ್ನು ನೋಡಿದ್ದಕ್ಕಿಂತ ಅವ್ವನನ್ನು ಬೈದದ್ದು ಹೆಚ್ಚು. "ಬಟ್ಟೆಯೊಳಗೆ ಸೋಡಾ ಉಳಿದೈತೆ. ಭಟ್ಟಿಯವರು ಸೋಡಾ ಹಾಕ್ತಾರೆ, ನೀವು ಹಂಗೇ ತೊಡಿಸ್ತೀರಿ. ಮನೇಲಿ ಮತ್ತೆ ಜಾಲಿಸ್ರಿ, ಚೆನ್ನಾಗಿ ಜಾಲಿಸ್ರಿ" ಎಂದು ಬಿಳಿ ಮುಲಾಮು ಕೊಟ್ಟರು. ಅವ್ವ ತಲೆತಗ್ಗಿಸಿ ನಿಂತಿದ್ದಳು. ಮನೆಗೆ ಬಂದವಳೇ ಒಣಗಿದ ಬಟ್ಟೆಯ ಮೂಲೆಯೊಂದನ್ನು ಬಾಯಿಗಿಟ್ಟು ಚೀಪಿದಳು.

"ಏನವ್ವಾ ಅದು?" ಎಂದೆ.

"ಸುಮ್ಕಿರು. ಸೋಡಾ ಐತೋ ಇಲ್ಲೋ ಕಣ್ಣಿಗೆ ಹೆಂಗೆ ಕಾಣ್ತೈತೆ? ನಾಲಿಗಿಗೆ ಗೊತ್ತಾಗ್ತೈತೆ." ಸ್ವಲ್ಪ ಹೊತ್ತಿಗೆ ಅವಳ ಮುಖ ಕಿವುಚಿತು. "ಉರೀತೈತೆ. ಐತೆ, ಸೋಡಾ ಹೋಗಿಲ್ಲ."

ಅಲ್ಲಿಂದ ಅದು ಮನೆಯ ಪದ್ಧತಿಯಾಯಿತು. ಜಾಲಿಸುವುದು, ಒಣಗಿಸುವುದು, ಮೂಲೆ ಚೀಪುವುದು, ಉರಿಯುತ್ತದೆ ಎಂದು ಮತ್ತೆ ಜಾಲಿಸುವುದು. ಸೋಪು ಬಿಟ್ಟಳು, ಅಂಟವಾಳದ ಕಾಯಿ ನೆನೆಸಿ ತೊಳೆದಳು. ಅಂಟವಾಳ ಬಿಟ್ಟಳು, ಬರೀ ಕಡಲೆಹಿಟ್ಟು ಹಚ್ಚಿದಳು. ಬಿಸಿನೀರಲ್ಲಿ ಒಮ್ಮೆ, ತಣ್ಣೀರಲ್ಲಿ ಒಮ್ಮೆ, ನಿಂಬೆಹುಳಿ ಹಿಂಡಿದ ನೀರಲ್ಲಿ ಒಮ್ಮೆ. ಯಾವುದರಲ್ಲಿ ನೀರು ಬೇಗ ತಿಳಿಯಾಗುತ್ತದೆ, ಯಾವುದರಲ್ಲಿ ಬಟ್ಟೆ ಮೆತ್ತಗಾಗುತ್ತದೆ ಎಂದು ನನ್ನನ್ನೂ ಕೂರಿಸಿಕೊಂಡು ನೋಡುತ್ತಿದ್ದಳು. ನಾನೇ ಹಗ್ಗ ಎಳೆದೆಳೆದು ಅಂಗೈ ಕಿತ್ತುಕೊಂಡೆ. ಬಾವಿಯ ತಳ ಕಾಣುತ್ತಿದ್ದ ದಿನಗಳು ಅವು. ವಠಾರದ ಹೆಂಗಸರು ಮೊದಮೊದಲು ಅಯ್ಯೋ ಪಾಪ ಎಂದರು, ಆಮೇಲೆ ಕೊಡದ ಬಾಯಿಗೆ ಕೈ ಅಡ್ಡ ಇಟ್ಟರು. "ನಿಮ್ಮ ಒಂದು ಕೂಸಿಗೆ ನಮ್ಮೆಲ್ಲಾರ ನೀರು ಬೇಕೇನ್ರಿ?" ಎಂದು ಮೂಲೆಮನೆಯಾಕೆ ಕೇಳಿಯೇಬಿಟ್ಟಳು. ಖಾಲಾ ಮಾತ್ರ ತಮ್ಮ ಪಾಲಿನ ಕೊಡವನ್ನು ತಂದು ನಮ್ಮ ಬಾನಿಗೆ ಸುರಿದು, ಯಾರ ಮುಖವನ್ನೂ ನೋಡದೆ ಹೋದರು.

ಬಟ್ಟೆ ಬಿಳುಪು ಕಳೆದುಕೊಳ್ಳುತ್ತಿವೆ ಎಂದು ಮೊದಲು ಬಾಯಿಬಿಟ್ಟವರು ಅಪ್ಪ. ಕೂಸಿಗೆ ಕೊಳಕು ಬಟ್ಟೆ ಹಾಕುತ್ತೀಯಾ ಎಂದು ಅವ್ವನ ಮೇಲೆ ರೇಗಿದರು. ಅವ್ವ ಹೆದರಿ ಮತ್ತೆ ಭಟ್ಟಿಗೆ ಕೊಟ್ಟಳು. ಮಡಿವಾಳರ ಹೆಂಗಸು ಮತ್ತೆ ಬೇರೆ ಗಂಟು ಕಟ್ಟಿ, ಮಾಸಿದ ಗುರುತಿನ ಮೇಲೆ ಮತ್ತೆ ಕಪ್ಪು ತಿದ್ದಿ, ಹೇಳಿದ ಹೊತ್ತಿಗಿಂತ ಮುಂಚೆ ತಂದುಕೊಟ್ಟು, "ಕೂಸು ಹೆಂಗೈತ್ರಿ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಕೂಸು ಅಷ್ಟು ಹೊತ್ತಿಗೆ ಹಾಲು ಕಡಿಮೆ ಮಾಡಿದ್ದ. ಎತ್ತಿದರೆ ಮೊದಲಿನ ಭಾರ ಇರಲಿಲ್ಲ.

"ಈ ಊರ ನೀರಾಗೆ ಜಾಲಿಸಿದ್ರೆ ಇವನು ಉಳಿಯಲ್ಲ" ಎಂದು ಒಂದು ದಿನ ಅವ್ವ ಗಂಟು ಕಟ್ಟಿದಳು. ಹರಿಹರ ಅವಳ ತವರು. ಅಜ್ಜಿಯ ಮನೆಯಿಂದ ಹೊಳೆಗೆ ಒಂದು ಓಣಿ ಇಳಿದರೆ ಆಯಿತು. ರೈಲುಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಅವ್ವ ಕೂಸಿನ ಮೈಗೆ ಗಾಳಿ ಬಡಿಯಲೆಂದು ಬಟ್ಟೆ ಬಿಚ್ಚಿ ಮಡಿಲಲ್ಲಿ ಹಾಕಿಕೊಂಡಿದ್ದಳು. ಎದುರು ಕೂತ ಮಲೆಬೆನ್ನೂರಿನ ರೈತರೊಬ್ಬರು ಒಮ್ಮೆ ನೋಡಿ, ಎದ್ದು ಬೇರೆ ಕಡೆ ಹೋಗಿ ನಿಂತರು. ಅಂಟುರೋಗ ಎಂದುಕೊಂಡಿರಬೇಕು. ಅವ್ವ ಅದನ್ನು ನೋಡಿದಳು, ನಾನೂ ನೋಡಿದೆ. ಇಬ್ಬರೂ ಕಿಟಕಿಯ ಹೊರಗೆ ನೋಡತೊಡಗಿದೆವು.

ತುಂಗಭದ್ರೆ ಬೇಸಿಗೆಗೆ ಬಡವಾಗಿದ್ದಳು, ಆದರೂ ಹೊಳೆ ಹೊಳೆಯೇ. ಚೂರು ಸೋಪಿಗೆ ಕೈತುಂಬ ನೊರೆ. ಬಟ್ಟೆಯನ್ನು ಹರಿವಿಗೆ ಬಿಟ್ಟು ತುದಿ ಹಿಡಿದರೆ ಸಾಕು, ನೊರೆ ತಾನೇ ಬಿಟ್ಟು ಸೇತುವೆಯ ಕಡೆ ತೇಲಿ ಹೋಗುತ್ತಿತ್ತು. ದಾವಣಗೆರೆಯಲ್ಲಿ ಬೆಳಗಿನಿಂದ ಜಾಲಿಸಿದರೂ ಬಾರದ ಮೆದುತನ ಇಲ್ಲಿ ಕೈ ತಿರುವುವುದರೊಳಗೆ ಬರುತ್ತಿತ್ತು. ಅವ್ವನ ಮುಖ ಬಹಳ ದಿನಕ್ಕೆ ಸಡಿಲವಾಯಿತು. "ನೋಡೇ, ನೀರಂದ್ರೆ ಇದು!" ಎಂದು ನನ್ನ ಮುಖಕ್ಕೆ ಎರಚಿದಳು. ನನಗೂ ನಗು ಬಂತು. ಬಂಡೆಯ ಮೇಲೆ ಹರವಿದ ಬಟ್ಟೆ ನೋಡನೋಡುತ್ತ ಒಣಗಿತು. ಅವ್ವ ಮೂಲೆ ಚೀಪಿದಳು.

ಉರಿಯಿತು.

ಮತ್ತೆ ಹೊಳೆಗೆ ಇಳಿದಳು. ಮಾರನೆಯ ದಿನವೂ ಇಳಿದಳು. ಅದರ ಮಾರನೆಯ ದಿನವೂ. ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದಳೋ ತನ್ನ ಹಣೆಯನ್ನೇ ಬಡಿಯುತ್ತಿದ್ದಳೋ ಎನ್ನುವ ಹಾಗೆ ಬಡಿದಳು. ಬಟ್ಟೆ ಎಳೆ ಬಿಟ್ಟವು. ಅವಳ ತುಟಿ ಊದಿತ್ತು, ನಾಲಿಗೆಯ ತುದಿ ಹುಣ್ಣಾಗಿತ್ತು, ಖಾರ ತಿನ್ನಲು ಆಗುತ್ತಿರಲಿಲ್ಲ. ಎಲ್ಲವನ್ನೂ ಅವಳು ಸೋಡಾದ ಲೆಕ್ಕಕ್ಕೆ ಹಾಕಿದ್ದಳು. ಹುಣ್ಣು ಹೆಚ್ಚಾದಷ್ಟೂ ಸೋಡಾ ಇನ್ನೂ ಇದೆ ಎಂಬ ನಂಬಿಕೆ ಗಟ್ಟಿಯಾಗುತ್ತಿತ್ತು. ಅಲ್ಲಿ ಅಜ್ಜಿಯ ಮಡಿಲಲ್ಲಿ ತಮ್ಮನಿಗೆ ಜ್ವರ ಬಂತು. ಅಳುವುದನ್ನು ಬಿಟ್ಟ. ಬರೀ ಮುಲುಗುತ್ತಿದ್ದ. ಆ ಮುಲುಗು ಕೇಳಿದಾಗ ನನಗೆ ಅವನ ಹಿಂದಿನ ಅಳುವೇ ವಾಸಿ ಅನ್ನಿಸಿತು.

"ಹೊಳೀನೂ ತೊಳೀಲಿಲ್ಲಲ್ಲೇ" ಎಂದು ಅವ್ವ ಆ ಮಧ್ಯಾಹ್ನ ನೀರಿನಲ್ಲೇ ಕುಳಿತುಬಿಟ್ಟಳು. ಸೊಂಟದ ತನಕ ನೀರು, ಸೀರೆ ಉಬ್ಬಿ ಸುತ್ತ ತೇಲುತ್ತಿತ್ತು. ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅವಳು ಏಳುವುದಿಲ್ಲವೇನೋ ಎಂದು ನಾನು ಹೆದರಿ ರಟ್ಟೆ ಹಿಡಿದು ಎಳೆದೆ. ಎದ್ದಳು. ಬಂಡೆಯ ಮೇಲೆ ಒಣಗಿದ್ದ ಬಟ್ಟೆಯೊಂದನ್ನು ನನ್ನ ಕೈಗೆ ಕೊಟ್ಟು, "ನನ್ನ ನಾಲಿಗಿ ಸತ್ತೈತೆ. ನೀ ನೋಡು" ಎಂದಳು.

ನನಗೆ ಹೇಸಿಗೆಯಾಯಿತು. ಕೂಸಿನ ಕಕ್ಕಸದ ಬಟ್ಟೆ, ಎಷ್ಟು ತೊಳೆದರೇನು. ಆ ಕಪ್ಪು ಮೂಲೆಯಂತೂ ಇನ್ನೂ ಕೊಳಕಾಗಿ ಕಂಡಿತು. ಕಣ್ಣು ಮುಚ್ಚಿ ನಡುವಿನ ಬಿಳಿ ಭಾಗವನ್ನು ನಾಲಿಗೆಗೆ ತಾಕಿಸಿದೆ.

"ಏನೂ ಇಲ್ಲವ್ವಾ. ಸಪ್ಪಗೈತೆ."

ಕೆನ್ನೆಗೆ ಬಿತ್ತು ಏಟು. "ಸುಳ್ಳು ಹೇಳ್ತೀಯಾ? ಅಲ್ಲಿ ನಿನ್ನ ತಮ್ಮ ಸಾಯ್ತಾ ಬಿದ್ದಾನೆ, ನೀ ಬಾಯಿಗೂ ಇಡದೆ ಸುಳ್ಳು ಹೇಳ್ತೀಯಾ?" ಬಟ್ಟೆ ಕಿತ್ತುಕೊಂಡು ತಾನೇ ಮೂಲೆಯನ್ನು ಕಚ್ಚಿದಳು. ಸತ್ತ ನಾಲಿಗೆಗೂ ಉರಿ ತಾಕಿತು. ಇನ್ನೊಂದು ಏಟಿಗೆ ಕೈ ಎತ್ತಿದಳು.

"ನಾ ಅಲ್ಲಿ ನೆಕ್ಕಿಲ್ಲ, ಇಲ್ಲಿ ನೆಕ್ಕಿದ್ದು" ಎಂದು ನಾನು ಅಳುತ್ತ ನಡುವಿನ ಭಾಗವನ್ನು ತೋರಿಸಿದೆ.

ಅವ್ವ ಎತ್ತಿದ ಕೈ ಇಳಿಸಿದಳು. ನಡುವಿನ ಭಾಗವನ್ನು ಬಾಯಿಗಿಟ್ಟಳು. ಬಹಳ ಹೊತ್ತು ಚೀಪಿದಳು. ಆಮೇಲೆ ಇನ್ನೊಂದು ಬಟ್ಟೆಯ ನಡುವೆ, ಮತ್ತೊಂದರ ನಡುವೆ. ಗುರುತಿಲ್ಲದ ಮೂಲೆಯನ್ನೂ ನೋಡಿದಳು. ಕೊನೆಗೆ ಗುರುತಿದ್ದ ಮೂಲೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಎರಡು ಚುಕ್ಕಿ, ಕೆಳಗೆ ಒಂದು ಗೆರೆ.

ಅವಳು ಓಡಿದ್ದು ನನಗೆ ನೆನಪಿದೆ. ಒದ್ದೆ ಸೀರೆ ಕಾಲಿಗೆ ತೊಡರುತ್ತಿದ್ದರೂ ಓಣಿ ಏರಿ ಓಡಿದಳು. ಅಜ್ಜಿಯ ಮಡಿಲಿನಿಂದ ಕೂಸನ್ನು ತೆಗೆದು ಬಟ್ಟೆ ಬಿಚ್ಚಿದಳು. ಮೂರು ಮೂಲೆಯಾಗಿ ಮಡಿಸಿ, ಎರಡು ಮೂಲೆಯನ್ನು ಸೊಂಟದ ಮೇಲೆ ತಂದು ಗಂಟು ಹಾಕುವುದು ನಮ್ಮ ರೂಢಿ. ಆ ಮೂಲೆಗಳು ಕೂತಿದ್ದ ಕಡೆಯೇ ಹುಣ್ಣು ಎಲ್ಲಕ್ಕಿಂತ ಆಳವಾಗಿತ್ತು. ಸುತ್ತ ಹರಡಿದ್ದು ಅಲ್ಲಿಂದ ಹರಡಿದ್ದು. ಅಜ್ಜಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೂಸಿದರು.

"ಇದು ಕೇರುಬೀಜದ ಎಣ್ಣಿ ಅಲ್ಲೇನ? ಮಡಿವಾಳ್ರು ಇದ್ರಾಗೇ ಗುರ್ತು ಬರಿಯಾದು. ಮೈಗೆ ತಾಕಿದ್ರೆ ಸುಟ್ಟಂಗೆ ಏಳ್ತೈತೆ" ಎಂದರು.

ಎಲ್ಲರಿಗೂ ಗೊತ್ತಿತ್ತು. ಅದೇ ನನಗೆ ಇವತ್ತಿಗೂ ಸಿಟ್ಟು ಬರಿಸುವುದು. ಕೇರಿನ ಮರದ ಕೆಳಗೆ ಮಲಗಬಾರದು ಎಂದು ನಮ್ಮೂರ ಕಡೆ ಮಾತು ಬಲ್ಲ ಮಕ್ಕಳಿಗೂ ಗೊತ್ತು. ಅದರ ಕಪ್ಪು ಎಣ್ಣೆ ಯಾವ ನೀರಿಗೂ ಹೋಗುವುದಿಲ್ಲ ಎಂದೇ ಅದರಲ್ಲಿ ಗುರುತು ಹಾಕುವುದು ಎಂಬುದೂ ಗೊತ್ತು. ದೊಡ್ಡವರ ಚರ್ಮಕ್ಕೆ ಒಂದು ಚುಕ್ಕಿ ಏನೂ ಮಾಡುತ್ತಿರಲಿಲ್ಲವಾದ್ದರಿಂದ ಯಾರೂ ಅತ್ತ ನೋಡಿರಲಿಲ್ಲ. ಅಜ್ಜಿ ಮಡಿವಾಳರ ಹೆಂಗಸಿಗೆ ಶಾಪ ಹಾಕಲು ಬಾಯಿ ತೆರೆದರು. ಅವ್ವ ತಡೆದಳು.

"ಆಕೀನ ಅನಬ್ಯಾಡವ್ವ. ಬ್ಯಾರೆ ಇಡು ಅಂತ ಕೈ ಹಿಡಕೊಂಡಾಕಿ ನಾನು. ನಾ ಕೇಳಿದಷ್ಟೂ ಆಕಿ ಗುರ್ತು ಹಾಕ್ಯಾಳ."

ಹೀಗೆಂದು ಗೋಡೆಗೆ ಒರಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಳುವುದಕ್ಕೂ ಹೊತ್ತಿರಲಿಲ್ಲ. ಕೂಸಿನ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಸಿಕ್ಕ ಗಾಡಿ ಹಿಡಿದು ದಾವಣಗೆರೆಗೆ ಬಂದು, ಸ್ಟೇಷನ್ನಿನಿಂದ ನೇರ ಆಸ್ಪತ್ರೆಗೆ ಹೋದೆವು. ಹುಣ್ಣು ಕೀವಾಗಿ ರಕ್ತಕ್ಕೆ ಇಳಿದಿದೆ, ಸೂಜಿ ಹಾಕಿ ನೋಡೋಣ, ಭರವಸೆ ಕೊಡುವುದಿಲ್ಲ ಎಂದರು ಅಲ್ಲಿನ ಡಾಕ್ಟರು. ಅಜ್ಜಿಯ ಸೀರೆಯ ತುಂಡು ಅಷ್ಟರಲ್ಲಿ ಒದ್ದೆಯಾಗಿ ಹೊಲಸಾಗಿತ್ತು. ನರ್ಸಮ್ಮ ಅದನ್ನು ತೆಗೆದೆಸೆದು, ಮಂಚದ ಮೇಲೆ ಆಗಷ್ಟೇ ಒಗೆದು ಬಂದ ಬಿಳಿ ಚಾದರ ಹಾಸಿ ಕೂಸನ್ನು ಮಲಗಿಸಿದರು.

ಚಾದರದ ಮೂಲೆಯಲ್ಲಿ ಕಪ್ಪು ಗುರುತಿತ್ತು. ಆಸ್ಪತ್ರೆಯ ಬಟ್ಟೆಯನ್ನೂ ಯಾರಾದರೂ ಮಡಿವಾಳರು ಒಗೆಯಲೇಬೇಕಲ್ಲ.

ಅವ್ವ ಕತ್ತರಿ ಕೇಳಿದಳು. "ಕತ್ತರಿ ಯಾಕ್ರಿ? ಸರ್ಕಾರದ ಬಟ್ಟೆ ಅದು" ಎಂದರು ನರ್ಸಮ್ಮ. ಅವ್ವ ಮತ್ತೆ ಕೇಳಲಿಲ್ಲ. ಆ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿ ಹರಿದಳು. ಏನು ಕಚ್ಚುತ್ತಿದ್ದೇನೆ ಎಂಬುದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊದಿಸುವ ಬಟ್ಟೆಯಲ್ಲೂ ಗುರುತು, ತಲೆಯಡಿಗೆ ಮಡಿಸಿಟ್ಟ ಬಟ್ಟೆಯಲ್ಲೂ ಗುರುತು. ಒಂದೊಂದನ್ನೂ ಕಚ್ಚಿ ಹರಿದು ಕಿಟಕಿಯಿಂದಾಚೆ ಉಗಿದಳು. ವಾರ್ಡಿನವರೆಲ್ಲ ಇವಳಿಗೆ ತಲೆ ಕೆಟ್ಟಿದೆ ಎಂದು ನೋಡುತ್ತಿದ್ದರು. ನರ್ಸಮ್ಮ ಕೂಗಾಡಿದರು. ನನಗೆ ನಾಚಿಕೆಯಾಗಲಿಲ್ಲ. ಅವಳ ಕೈಗೆ ಇನ್ನೊಂದು ಬಟ್ಟೆಯನ್ನು ನಾನೇ ಎತ್ತಿಕೊಟ್ಟೆ. ಕೊನೆಗೆ ಅದರ ಮೇಲೂ ನಂಬಿಕೆ ಬಾರದೆ, ಹೊಳೆಯಲ್ಲಿ ನೆನೆದು ಮೈಮೇಲೇ ಒಣಗಿದ್ದ ತನ್ನ ಸೆರಗನ್ನೇ ಅವನ ಕೆಳಗೆ ಹಾಸಿ ತಾನೂ ಮಂಚಕ್ಕೆ ಒರಗಿ ಬಗ್ಗಿ ನಿಂತಳು. ಬಣ್ಣದ ಸೀರೆಯನ್ನು ನಮ್ಮಲ್ಲಿ ಭಟ್ಟಿಗೆ ಕೊಡುತ್ತಿರಲಿಲ್ಲ.

ಸುದ್ದಿ ತಿಳಿದು ಅಪ್ಪ ಓಡಿ ಬಂದರು. ಬರುವಾಗ ಮಡಿವಾಳರ ಹೆಂಗಸು ತಂದಿಟ್ಟಿದ್ದ ಕೂಸಿನ ಬಟ್ಟೆಯ ಗಂಟನ್ನು, ಮಲ್ಲಿಗೆಯ ಹಾಗಿದ್ದದ್ದನ್ನು, ಎದೆಗೊತ್ತಿಕೊಂಡು ತಂದಿದ್ದರು. "ಹತ್ರ ತರಬ್ಯಾಡ್ರಿ!" ಎಂದು ಅವ್ವ ಕಿರುಚಿದಳು. ಜೀವಮಾನದಲ್ಲಿ ಅಪ್ಪನ ಮುಂದೆ ಅವಳು ಧ್ವನಿ ಎತ್ತಿದ್ದು ಅದೊಂದೇ ಸಲ. ಅಪ್ಪ ಬಾಗಿಲಲ್ಲೇ ನಿಂತರು. ನಾನು ಹೋಗಿ ಎಲ್ಲ ಹೇಳಿದೆ. ಅವರು ಗಂಟನ್ನು ಹೊರಗೆ ಜಗಲಿಯ ಮೇಲೆ ಇಟ್ಟರು. ಆಮೇಲೆ ತಮ್ಮ ಕಾಲರಿನ ಒಳಗೆ ಬೆರಳು ಹಾಕಿ ತಡವಿಕೊಂಡು, ಇಸ್ತ್ರಿಯ ಅಂಗಿಯನ್ನು ಬಿಚ್ಚಿ ಅದರ ಮೇಲೆ ಹಾಕಿ, ಬರೀ ಮೈಯಲ್ಲಿ ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತರು.

ಮರುದಿನ ಅವ್ವನ ತುಟಿ ಗುರುತು ಸಿಗದಷ್ಟು ಊದಿತ್ತು. ಗಲ್ಲದ ತನಕ ಗುಳ್ಳೆ ಎದ್ದು ಒಡೆದಿದ್ದವು. ಮಾತು ತೊದಲುತ್ತಿತ್ತು, ಗಂಜಿಯನ್ನು ಬಾಯಿಗೆ ಹನಿ ಹನಿಯಾಗಿ ಬಿಡಬೇಕಾಗಿತ್ತು. ತನ್ನ ಬಾಯಿಗೆ ಮುಲಾಮು ಹಚ್ಚಿಸಿಕೊಳ್ಳಲಿಲ್ಲ. ಕೂಸಿಗೆ ಹಾಲು ಕೊಡುವಾಗ ಮುಖವನ್ನು ಆದಷ್ಟು ದೂರ ತಿರುಗಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದಳು. ಆ ವಿಷ ತನ್ನ ತುಟಿಯಿಂದ ಮತ್ತೆ ಅವನಿಗೆ ತಾಕೀತು ಎಂಬ ಭಯ. ತಾಕುವುದಿಲ್ಲ ಎಂದು ಡಾಕ್ಟರು ಹೇಳಿದರೂ ನಂಬಲಿಲ್ಲ. ಡಾಕ್ಟರ ಮಾತನ್ನು ಒಂದು ಸಲ ನಂಬಿ ಆಗಿತ್ತು.

ಜ್ವರ ಇಳಿಯಲು ಬಹಳ ದಿನ ಹಿಡಿಯಿತು. ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಒಂದು ಬೆಳಿಗ್ಗೆ ಹೊಟ್ಟೆಯ ಹುಣ್ಣುಗಳ ಅಂಚು ಒಣಗಿದ್ದವು. ತಮ್ಮ ಕಣ್ಣು ಬಿಟ್ಟು, ಅವ್ವನ ಮುಖವನ್ನು ಹುಡುಕಿ, ಕೈ ಚಾಚಿದ. ಅವಳು ತಟ್ಟನೆ ಮುಖ ಆಚೆ ತಿರುಗಿಸಿದಳು. ಅವನು ಮತ್ತೆ ಚಾಚಿದ. ಅವಳು ಮತ್ತೆ ತಿರುಗಿಸಿದಳು, ಕಣ್ಣಿನಿಂದ ನೀರು ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಸುರಿಯುತ್ತಿತ್ತು. ಮುದ್ದಿಡಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದು ಅವಳ ಕುತ್ತಿಗೆಯ ನರ ನೋಡಿದರೆ ಗೊತ್ತಾಗುತ್ತಿತ್ತು. ಅವನಿಗೆ ಅದೆಲ್ಲ ಏನು ಗೊತ್ತು. ಅವ್ವ ತನ್ನ ಜೊತೆ ಆಟ ಆಡುತ್ತಿದ್ದಾಳೆ ಎಂದುಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕ.